ಹಾಲವ್ವ ಕೈ ಅದ್ದಿದ ನೀರು

"ಗಾಳೀಲೇನೂ ಇಲ್ಲ ಸಾರ್. ಈ ಮುಂಡೇದು ಕೊಳಕು ಕೈ ಹಾಕಿರತ್ತೆ, ಅದಕ್ಕೇ ಬಣ್ಣ ಬಂದಿದೆ," ಎಂದು ಕೆಮಿಸ್ಟ್ ಪದ್ಮನಾಭ ಹೇಳಿದಾಗ ಹಾಲವ್ವ ಅಲ್ಲೇ ಲ್ಯಾಬಿನ ಸಿಂಕಿನ ಮುಂದೆ ಬುಡ್ಡಿ ತೊಳೆಯುತ್ತಿದ್ದಳು.

ಹೇಳಿದ್ದು ಭೈರೇಶನಿಗೆ. ಸುಂಕದಕಟ್ಟೆಯಲ್ಲಿ ಹಳೇ ಬ್ಯಾಟರಿ ಕರಗಿಸುವ ಶೆಡ್ಡು ಅವನದು. ಶೆಡ್ಡಿನ ಹಿಂದೆ ಹಾಲವ್ವ ಬಾಡಿಗೆಗಿದ್ದ ವಠಾರವೂ ಅವನದೇ. ವಠಾರದವರು ಕೆಮ್ಮಿ ಕೆಮ್ಮಿ ಸಾಕಾಗಿ ಮಾಲಿನ್ಯ ಮಂಡಳಿಗೆ ಅರ್ಜಿ ಕೊಟ್ಟಿದ್ದರು. ಗಾಳಿ ಎಳೆಯುವ ಯಂತ್ರ ಬಂದು ವಠಾರದ ತಾರಸಿಯ ಮೇಲೆ ಕೂತಿತು. ಬುಡ್ಡಿಯಲ್ಲಿದ್ದ ತಿಳಿ ದ್ರಾವಣದೊಳಗೆ ನಾಲ್ಕು ಗಂಟೆ ಗಾಳಿ ಗುಳುಗುಳು ಎಂದಿತು. ಆಮೇಲೆ ಲ್ಯಾಬಿನಲ್ಲಿ ಮದ್ದು ಬೆರೆಸುತ್ತಾರೆ. ಗಂಧಕದ ಹೊಗೆ ಇದ್ದಷ್ಟೂ ಬಣ್ಣ ಗಾಢ. ವಠಾರದ ಬುಡ್ಡಿ ನೇರಳೆ ಹಣ್ಣು ತಿಂದ ನಾಲಗೆಯಂತಾಗಿತ್ತು. ರಿಪೋರ್ಟು ಹೀಗೇ ಹೋದರೆ ಶೆಡ್ಡಿಗೆ ಬೀಗ. ಹೋಗದಿದ್ದರೆ ಹಾಲವ್ವನ ಗಂಡ ದ್ಯಾಮಪ್ಪ ಇನ್ನೊಂದು ಚಳಿಗಾಲ ಕಾಣುವಂತಿರಲಿಲ್ಲ.

ಭೈರೇಶ ಅವಳ ಕೈಯನ್ನು ದೂರದಿಂದಲೇ ನೋಡಿದ. "ಇವಳು ಮುಟ್ಟಿದ ಲೋಟಾನೂ ನಮ್ಮನೇಲಿ ಒಳಗಿಟ್ಕೊಳಲ್ಲ ಕಣ್ರೀ. ಚೆಲ್ಲಿ ಅದನ್ನ."

ಕೊಳಕು ಕೈಯಂತೆ. ಒಂಬತ್ತು ವರ್ಷದಿಂದ ಈ ಲ್ಯಾಬಿನ ಬುಡ್ಡಿಗಳನ್ನೆಲ್ಲ ತಿಕ್ಕಿ ಉಗುರು ಸವೆದ ಕೈ ಅದು. ಹಾಲವ್ವನಿಗೆ ಮೈಯೆಲ್ಲ ಉರಿಯಿತು. ಉರಿಯನ್ನು ಮುಖಕ್ಕೆ ತರದೆ ಸೆರಗಿಗೆ ಕೈ ಒರೆಸಿಕೊಂಡಳು. ಗಾಳಿ ಹಾಯಿಸದ ಹೊಸ ದ್ರಾವಣವನ್ನು ಗಾಜಿನ ಪಾತ್ರೆಗೆ ಬಗ್ಗಿಸಿಕೊಂಡು ಐದೂ ಬೆರಳು ಅದ್ದಿದಳು.

"ಏ, ತೆಗಿಯೇ ಕೈನ. ಪಾದರಸ ಇದೆ ಅದ್ರಲ್ಲಿ, ವಿಷ ಕಣೇ." ಪದ್ಮನಾಭ ಕುರ್ಚಿಯಿಂದ ಎದ್ದೇಬಿಟ್ಟ.

ಒಂಬತ್ತು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗ್ಲೌಸಿನ ಡಬ್ಬ ಪದ್ಮನಾಭನ ಮೇಜಿನ ಮೇಲಿತ್ತು.

"ಇಷ್ಟು ವರ್ಷ ತೊಳದೀನಲ್ರಿ, ಇವತ್ತೊಂದಿನ ಏನಾಗತೈತಿ," ಎಂದಳು ಹಾಲವ್ವ. "ನನ್ನ ಕೈಲೆ ಬಣ್ಣ ಬಂತಂದ್ರಲ್ಲ, ಈಗೂ ಬರಬೇಕಲ್ರಿ ಸಾಹೇಬ್ರ. ಮದ್ದು ಹಾಕ್ರಿ."

ಪದ್ಮನಾಭ ಹಾಕಲಿಲ್ಲ. ಅವಳೇ ಹಾಕಿದಳು; ಯಾವುದರ ಹಿಂದೆ ಯಾವುದು, ಎಷ್ಟೆಷ್ಟು ಎನ್ನುವುದು ನೋಡಿ ನೋಡಿ ಬಾಯಿಪಾಠವಾಗಿತ್ತು. ಬಣ್ಣ ಏರಲು ಅರ್ಧ ಗಂಟೆ ಬೇಕು. ಬಾಗಿಲ ಚಿಲಕ ಹಾಕಿ, ಅಡ್ಡಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ಯಾರೂ ಚೆಲ್ಲದ ಹಾಗೆ ವಠಾರದ ಬುಡ್ಡಿ ಮಡಿಲಲ್ಲಿತ್ತು, ಕೈ ಅದ್ದಿದ ಪಾತ್ರೆ ಮೇಜಿನ ಮೇಲೆ.

ಬಾಗಿಲು ತೆಗೆಯದಿದ್ದರೆ ನಾಳೆಯೇ ಮನೆ ಖಾಲಿ ಮಾಡಿಸುವುದಾಗಿ ಭೈರೇಶ ಅಮ್ಮ ಅಕ್ಕ ಎಲ್ಲ ಸೇರಿಸಿ ಬೈದ.

"ಮಾಡ್ತೀವ್ರಿ. ಮೊದಲ ಇದನ್ನ ನೋಡ್ರಿ."

ಗೋಡೆಯ ಗಡಿಯಾರದಲ್ಲಿ ಇಪ್ಪತ್ತೆಂಟು ನಿಮಿಷ ಕಳೆದಿತ್ತು. ಪಾತ್ರೆಯ ನೀರು ಇನ್ನೂ ನೀರಾಗಿಯೇ ಇತ್ತು.