ಬೊಂಡಾಸು ಮರೆತದ್ದು

ಕಾರವಾರದಿಂದ ಶಿರಸಿ, ಸೊರಬ ದಾಟಿ ಶಿಕಾರಿಪುರದಲ್ಲಿ ಬಸ್ಸಿಳಿಯುವಷ್ಟರಲ್ಲಿ ಆತಿಫಾಳ ಜೀವ ಹಣ್ಣಾಗಿತ್ತು. ಮನೆಗೂ ಹೋಗದೆ ನೇರ ಅಣ್ಣ ಅಸ್ಲಂನ ಗಾಜಿನ ಅಂಗಡಿಗೆ ಬಂದು, ಚೀಲದಿಂದ ಎರಡು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಂದರಲ್ಲಿ ಪುಟ್ಟ ಗಾಜಿನ ಪೆಟ್ಟಿಗೆಯ ಚೂರುಗಳು, ಇನ್ನೊಂದರಲ್ಲಿ ಮೂಲೆ ಬಿರಿದ ಅಂಥದೇ ಪೆಟ್ಟಿಗೆ.

"ಭಾಯಿ, ಇದೇ ಅಳತೆಗೆ ನಾಲ್ಕು ಮಾಡಿಕೊಡು. ಸೋಮವಾರ ವಾಪಸ್ ಹೋಗ್ಬೇಕು."

"ಮೀನು ಸಾಕಾಕಾ?"

"ಬೊಂಡಾಸಿಗೆ ಪಾಠ ಹೇಳಾಕೆ."

ನಾಲ್ಕು ವರ್ಷದಿಂದ ಕಾರವಾರದ ಪ್ರಯೋಗಾಲಯದಲ್ಲಿ ಅವಳದು ಇದೇ ಕೆಲಸ. ಪೆಟ್ಟಿಗೆಯೊಳಗೆ ಸಿಗಡಿ ಬಿಟ್ಟು, ಮಸಿ ಕಾರುವ ಹತ್ತು ತೋಳಿನ ಕಡಲಜೀವಿ ಬೊಂಡಾಸಿನ ತೊಟ್ಟಿಯಲ್ಲಿಡುವುದು. ಅದು ಸಿಗಡಿಗೆ ಎರಗಿ ಎರಗಿ, ಗಾಜಿಗೆ ಬಡಿದುಕೊಂಡು, ಕೊನೆಗೆ ಸುಮ್ಮನಾಗುತ್ತದೆ. ಮರುದಿನ ಅದೇ ಪೆಟ್ಟಿಗೆ ಕಂಡಾಗ ಎರಗದಿದ್ದರೆ ಪಾಠ ನೆನಪಿದೆ ಅಂತ. ಬಾಣಂತಿಗೆ ಹಾಲಿಳಿಸುವ ಹಾರ್ಮೋನಿನ ದಾಯಾದಿಯೊಂದು ಬೊಂಡಾಸಿನ ಮಿದುಳಿನಲ್ಲೂ ಇದೆ. ಪಾಠಕ್ಕೆ ಮುಂಚೆ ಅದನ್ನು ತುಸುವೇ ಚುಚ್ಚಿದರೆ ನೆನಪು ಗಟ್ಟಿಯಾಗುತ್ತಿತ್ತು. ಹೆಚ್ಚು ಚುಚ್ಚಿದರೆ ಹತ್ತರಲ್ಲಿ ಒಂಬತ್ತು ಮರೆತುಬಿಡುತ್ತಿದ್ದವು. ಆ ಮರೆವಿನ ಮೇಲೇ ಅವಳ ಪಿಎಚ್‌.ಡಿ. ಪ್ರಬಂಧ ನಿಂತಿತ್ತು. ಇನ್ನು ಕೆಲವೇ ಬೊಂಡಾಸುಗಳ ಮೇಲೆ ಮತ್ತೊಮ್ಮೆ ಮಾಡಿ ತೋರಿಸಿದರೆ ಮುಗಿಯಿತು.

ಅಸ್ಲಂ ಒಂದು ಚೂರನ್ನೂ ಬಿರಿದ ಪೆಟ್ಟಿಗೆಯನ್ನೂ ಬೆಳಕಿಗೆ ಹಿಡಿದ.

"ಇವೆರಡೂ ಒಂದೇ ಗಾಜಲ್ಲ."

"ಅಳತೆ ಒಂದೇ ಇದೆಯಲ್ಲ?"

"ಅಳತೆ ಬಿಡು, ಅಂಚು ನೋಡು. ಇದು ಹಸಿರು, ಇದು ಬಿಳಿ. ನೀರಲ್ಲಿಟ್ರೆ ಬೆಳಕು ಬೇರೆ ಥರ ಹೊಡೀತದೆ. ಅದಕ್ಕೆ ಕಣ್ಣು ಭಾರಿ ಚುರುಕು ಅಂತಿದ್ದೆ ನೀನೇ."

ಆತಿಫಾ ಚೂರನ್ನು ಇಸಿದುಕೊಂಡು ತಾನೂ ಅಂಚು ನೋಡಿದಳು. ಹೆಚ್ಚು ಚುಚ್ಚಿದ ಗುಂಪಿನದು ಕೊನೆಯ ಸರದಿ. ಅವಕ್ಕೆ ಪಾಠವಾದದ್ದು ಹಸಿರಂಚಿನ ಪೆಟ್ಟಿಗೆಯಲ್ಲಿ. ಆವತ್ತೇ ಸಂಜೆ ತೊಳೆಯುವಾಗ ಅದು ಒಡೆಯಿತು. ಮರುದಿನದ ಪರೀಕ್ಷೆ ನಡೆದದ್ದು ಹೊಸದಾಗಿ ತಂದ ಬಿಳಿಯಂಚಿನದರಲ್ಲಿ. ಹಾಗಾದರೆ ಅವು ಮರೆತೇ ಇರಲಿಲ್ಲವೇನೋ; ಪೆಟ್ಟಿಗೆ ಬೇರೆಯೆಂದು ಕಂಡೇ ಮತ್ತೆ ಎರಗಿದ್ದವೇನೋ. ಅಣ್ಣನಿಗೂ ಅದನ್ನೇ ಹೇಳಿದಳು.

"ಹೇಳದಿದ್ರೆ ಏನಾಗ್ತದೆ?" ಅಸ್ಲಂ ಮೆಲ್ಲಗೆ ಕೇಳಿದ.

"ಯಾರಿಗೂ ಗೊತ್ತಾಗಲ್ಲ."

ಅಸ್ಲಂ ಇಬ್ಬರಿಗೂ ಟೀ ತರಿಸಿದ. ನಾಲ್ಕೂ ಪೆಟ್ಟಿಗೆಯನ್ನು ಒಂದೇ ಹಲಗೆ ಗಾಜಿನಲ್ಲಿ ಕತ್ತರಿಸಿಕೊಟ್ಟ.

ಸೋಮವಾರ ಅವಳು ಸೊರಬದಲ್ಲಿ ಇಳಿದಳು. ಪ್ರಯೋಗದಲ್ಲಿ ಜೊತೆಗಿದ್ದ ಮೈತ್ರಿ ಈಗ ಅಲ್ಲಿ ಹೈಸ್ಕೂಲು ಮೇಡಂ. ಆ ಮರೆವಿನ ಬಗ್ಗೆ ವಿಜ್ಞಾನ ಪತ್ರಿಕೆಗೆ ಬರೆದ ಲೇಖನದಲ್ಲಿ ಇಬ್ಬರ ಹೆಸರೂ ಇತ್ತು. ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನ ಬೆಂಚಿನಲ್ಲಿ ಕೂತು ಆತಿಫಾ ಎಲ್ಲ ಹೇಳಿದಳು.

"ಹೊಸ ಪೆಟ್ಟಿಗೆ ತಂದಿದ್ದು ನಾನೇ ಅಲ್ವನೇ," ಅಂದಳು ಮೈತ್ರಿ.

"ನೋಡ್ದೆ ಇಟ್ಟಿದ್ದು ನಾನು."

"ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲೇ."

"ರಜೇಲಿ ಬಾ. ಮತ್ತೆ ಮಾಡಾಣ."

ಮೈತ್ರಿ ಡಸ್ಟರ್ ಮಗುಚಿ ಹಾಕುತ್ತ ಕೂತಳು. "ಆಗಲ್ಲ ಆತಿಫಾ. ಆ ತೊಟ್ಟಿ ವಾಸನೆ ನೆನೆಸ್ಕಂಡ್ರೇ ಸುಸ್ತಾಗುತ್ತೆ. ನೀ ಮಾಡು, ಬ್ಯಾಡ ಅನ್ನಲ್ಲ."

ಕಾರವಾರದಲ್ಲಿ ಗೈಡ್ ಸುರೇಂದ್ರ ಸರ್ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇನ್ನೊಂದು ವರ್ಷ ಹೋಯ್ತು," ಅಂದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮೊದಲ ಪ್ರಯೋಗದ ಒಂದು ಬೊಂಡಾಸೂ ಬದುಕಿರಲಿಲ್ಲ. ಅವುಗಳ ಆಯುಷ್ಯವೇ ಒಂದೂವರೆ ವರ್ಷ. ಹೊಸ ಮರಿಗಳನ್ನು ಬೆಳೆಸಿ, ದಿನಾ ಸಿಗಡಿ ಹಿಡಿದು, ನೀರು ಬದಲಿಸಿ, ಅಣ್ಣ ಕೊಟ್ಟ ಗಾಜಿನಲ್ಲೇ ಎಲ್ಲ ಗುಂಪಿನ ಪಾಠ, ಪರೀಕ್ಷೆ ಮುಗಿಸುವಷ್ಟರಲ್ಲಿ ಹತ್ತು ತಿಂಗಳು ಕಳೆಯಿತು. ತುಸು ಚುಚ್ಚಿದವು ಮುಂಚಿನಂತೆಯೇ ನೆನಪಿಟ್ಟುಕೊಂಡವು. ಹೆಚ್ಚು ಚುಚ್ಚಿದ ಹತ್ತರಲ್ಲಿ ಮರೆತದ್ದು ಆರು. ಮರೆವು ಸುಳ್ಳಾಗಿರಲಿಲ್ಲ, ಆದರೆ ಅವರಿಬ್ಬರೂ ಮುಂಚೆ ಬರೆದಷ್ಟು ಇರಲಿಲ್ಲ. ಹಳೆಯ ತಪ್ಪನ್ನೂ ಸೇರಿಸಿ ಅಷ್ಟನ್ನೇ ಬರೆದಳು.

ಪತ್ರಿಕೆಗೆ ಕಳಿಸುವ ಮುಂಚೆ ಮೈತ್ರಿಗೆ ಫೋನ್ ಮಾಡಿ ಹೊಸ ಲೆಕ್ಕ ಹೇಳಿದಳು.

"ನಿನ್ನ ಹೆಸರು ಇರ್ಲಾ?"

ಆ ಕಡೆ ಮಕ್ಕಳ ಗಲಾಟೆ. ಮೈತ್ರಿ, "ಆರು ಅಂದ್ಯಾ?" ಎಂದಳು.

"ಆರು."

"ಇರ್ಲಿ ಬಿಡೇ," ಅಂದಳು. "ಊಟ ಮಾಡಿದ್ಯಾ?"

ಆತಿಫಾ ಮಾಡಿರಲಿಲ್ಲ. ಮಾಡಿದೆ ಅಂದಳು.