ಮೂರು ಪೆಟ್ಟು

ಚಂದ್ರಗುತ್ತಿಯ ಗುಡ್ಡಪ್ಪನ ಹೆಂಡತಿ ಲೋಕಮ್ಮ ಬೇಕೆಂದೇ ಬೆಂಕಿಯಲ್ಲಿ ಕೂತು ಸತ್ತಳು ಎಂದು ಆ ಊರು ಏಳು ತಿಂಗಳು ನಂಬಿತ್ತು. ಗುಡ್ಡಪ್ಪನೂ ಹಾಗೆಯೇ ನಂಬಿದ್ದ. ಅದು ಸುಳ್ಳೆಂದು ತಿಳಿದಿದ್ದವನು ನಾನೊಬ್ಬನೇ. ಏಳು ತಿಂಗಳೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಒಳ್ಳೆಯವನೆಂದುಕೊಂಡು ಓದಲು ಕೂತವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಶಿಕಾರಿಪುರದಲ್ಲಿ ಚರಿತ್ರೆಯ ಮೇಷ್ಟ್ರು, ಮಹೇಶ್ವರಪ್ಪ. ಹಳೆಯ ಕಲ್ಲು ಕಂಡರೆ ನನಗೆ ಹುಚ್ಚು. ೧೯೫೮ರ ಬೇಸಿಗೆಯ ಆರಂಭದಲ್ಲಿ ಅಕ್ಕಿ ಮಂಡಿಯ ವೀರಬಸಪ್ಪನವರು ತಮ್ಮ ವ್ಯಾನು ಕೊಡುತ್ತೇನೆ, ಸುತ್ತಮುತ್ತಲ ಹಳೆಯ ಊರು, ಕೋಟೆಗಳನ್ನೆಲ್ಲ ತೋರಿಸಿ ಎಂದರು. ಅವರು, ಅವರ ಮನೆಯವರು ನೀಲಾಂಬಿಕ, ನಾನು, ಮತ್ತೆ ಪೇಟೆಯ ಐದಾರು ಮಂದಿ ಹೊರಟೆವು. ಮೊದಲ ದಿನ ತಾಳಗುಂದ, ಬಳ್ಳಿಗಾವಿ, ಬಂದಳಿಕೆ. ರಾತ್ರಿ ಸೊರಬದಲ್ಲಿ ತಂಗಿ ಮರುದಿನ ಚಂದ್ರಗುತ್ತಿ ಕೋಟೆ. ಎರಡು ವರ್ಷದ ಹಿಂದಿನವರೆಗೆ ಆ ಗುಡ್ಡದಾಚೆ ಮುಂಬೈ ರಾಜ್ಯ. ಈಗ ಎರಡು ಕಡೆಯೂ ನಮ್ಮದೇ ಆಗಿದ್ದರಿಂದ, ಗಡಿಯ ಕೋಟೆಯ ಮೇಲೆ ನಿಂತು ನಾಲ್ಕು ಮಾತು ಆಡಬೇಕೆಂದು ನಾನು ಭಾಷಣವನ್ನೂ ಬರೆದಿಟ್ಟುಕೊಂಡಿದ್ದೆ.

ಕೋಟೆಗೆ ದಾರಿ ತೋರಿಸುವವನು ಗುಡ್ಡಪ್ಪ. ಎರಡೆಕರೆ ಗದ್ದೆಯ ಬೇಸಾಯಗಾರ. ಅವನ ಅಜ್ಜ ಮುತ್ತಜ್ಜಂದಿರು ಕೋಟೆ ಕಾಯುತ್ತಿದ್ದರಂತೆ. ಕೋಟೆಯೇ ಹಾಳಾದ ಮೇಲೂ ವರ್ಷಕ್ಕೊಮ್ಮೆ ದಾರಿಯ ಹುಲ್ಲು ಸುಟ್ಟು ಹಾದಿ ಬಿಡಿಸುವ ಕೆಲಸ ಆ ಮನೆಗೇ ಉಳಿದಿತ್ತು. ಅವನಿಗೆ ಓದು ಬಾರದು. ಆ ಊರ ಶಾಲೆಯವರು ಓದಿ ಹೇಳಲಿ ಎಂದು ನಾನು ಒಂದು ಕಾಗದ ಹಾಕಿದ್ದೆ: ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇವೆ, ಎರಡನೆಯ ಬಾಗಿಲಿನ ಹತ್ತಿರ ನೆರಳಿನಲ್ಲಿ ಕುಡಿಯುವ ನೀರು ಇಟ್ಟಿರಬೇಕು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ನೀರು ನಿಮ್ಮ ಮನೆಯ ಕೊಡದಲ್ಲಿ ಬೇಡ, ಕುಂಬಾರರಿಂದ ತಂದ ಹೊಸ ಮಣ್ಣಿನ ಗಡಿಗೆಯಲ್ಲಿ ಇರಲಿ.

ಹಾಗೆ ಬರೆಯಲು ನನಗೆ ಯಾರೂ ಹೇಳಿರಲಿಲ್ಲ. ಬಸವ ಜಯಂತಿಯ ದಿನ ಜಾತಿಯೇ ಇಲ್ಲವೆಂದು ಗಂಟಲು ಹರಿದುಕೊಳ್ಳುವವನು ನಾನು. ದೊಡ್ಡವರು ಬರುತ್ತಾರೆ, ಯಾರಾದರೂ ಮುಖ ಸಿಂಡರಿಸಿದರೆ ಕಷ್ಟ ಎಂದು ಮುಂದಾಲೋಚನೆ ಮಾಡಿದೆ. ನನ್ನ ಮುಂದಾಲೋಚನೆಗೆ ಬೆಂಕಿ ಬೀಳಲಿ.

ಎಂಟಕ್ಕೆ ಬರುತ್ತೇವೆಂದವರು ತಲುಪಿದ್ದು ಹನ್ನೊಂದಕ್ಕೆ. ದಾರಿಯಲ್ಲಿ ಕಂಡ ಒಂದೊಂದು ವೀರಗಲ್ಲಿಗೂ ವ್ಯಾನು ನಿಲ್ಲಿಸಿ ನಾನು ಪಾಠ ಮಾಡಿದ್ದೆ. ಗುಡ್ಡಪ್ಪ ಗುಡ್ಡದ ಬುಡದಲ್ಲಿ ಕಾದು ಕೂತಿದ್ದ. ನಲವತ್ತರ ಆಸುಪಾಸಿನ ಒಣಕಲು ಆಳು. ಯಾಕೋ ಅವನ ಮುಖ ಬೆಳಿಗ್ಗೆಯೇ ಬಾಡಿತ್ತು.

"ತಡ ಆತು, ಗುಡ್ಡಪ್ಪ," ಎಂದೆ.

"ಇರ್ಲಿ ಮೇಷ್ಟ್ರೆ. ಕೆಳಗಿನ ದಾರಿ ಸವರೀನಿ. ಎರಡನೇ ಬಾಗಿಲಿನ ಕೆಳಗೆ ಮಾತ್ರ ಹುಲ್ಲು ಹಂಗೇ ಐತೆ. ನಾನು ಮುಂದೆ ಕೋಲು ಬಡಕೊಂಡು ಹೋಗ್ತೀನಿ, ನೀವು ಹಿಂದಿಂದ ಬರ್ರಿ."

ಹತ್ತುವಾಗ ನಾನು ಅವನ ಬಾಯಿ ಬಿಡಿಸುತ್ತ ಹೋದೆ. ಹುಲ್ಲು ಸುಡುವ ಕ್ರಮ ಹೇಗೆ ಎಂದು ಕೇಳಿದೆ. ಹಚ್ಚುವ ಮೊದಲು ಮೇಲಕ್ಕೆ ಮುಖ ಮಾಡಿ ಮೂರು ಸಲ ಕೂಗು ಹಾಕಬೇಕು, ಆಮೇಲೆ ಒಂದು ಎಲೆ ಅಡಿಕೆ ಜಗಿದು ಉಗುಳುವಷ್ಟು ಹೊತ್ತು ಕಾಯಬೇಕು ಎಂದ. ಮೇಲೆ ದನ ಕಾಯುವವರೋ ಜೇನು ಕೀಳುವವರೋ ಇದ್ದರೆ ತಿರುಗಿ ಕೂಗುತ್ತಾರೆ. ಉತ್ತರ ಬಂತೆಂದರೆ ಅವತ್ತು ಬೆಂಕಿಯಿಲ್ಲ, ಅವರು ಇಳಿದು ಬರುವ ತನಕ ಕಡ್ಡಿ ಗೀರುವಂತಿಲ್ಲ.

"ಹೆಂಗಸರಾದರೆ?"

"ಹೆಂಗಸ್ರು ಕೂಗು ಹಾಕಾದಿಲ್ಲ. ನಾಲ್ಕು ಜನ ಗಂಡಸ್ರ ಕಿವಿಗೆ ಬೀಳಂಗೆ ಕೂಗೋದು ಚೆನ್ನಾಗಿರಾದಿಲ್ಲ ಅಲ್ರಾ. ಕತ್ತಿ ಹಿಡಿಯಿಂದ ತಾಮ್ರದ ಕೊಡಕ್ಕೆ ಮೂರು ಪೆಟ್ಟು ಹಾಕ್ತಾರೆ. ಬುಡದ ತನಕ ಕೇಳ್ತದೆ."

ಒಳ್ಳೆಯ ವಿಷಯ ಸಿಕ್ಕಿತೆಂದು ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಮೊದಲ ಬಾಗಿಲು ದಾಟಿದ ಮೇಲೆ ಹುಲ್ಲು ಸೊಂಟದವರೆಗೆ ಬಂತು. ಅಲ್ಲಿ ನೀಲಾಂಬಿಕನವರ ಕಾಲ ಬಳಿ ಮೊಳಕ್ಕಿಂತ ಉದ್ದದ ಹಾವಿನ ಪೊರೆ ಬಿದ್ದಿತ್ತು. ಅವರು ಮುಂದೆ ಹೆಜ್ಜೆ ಇಡಲಿಲ್ಲ. ವೀರಬಸಪ್ಪನವರು ಬೆವರು ಒರೆಸಿಕೊಂಡು, "ಸುಡೋದು ಪದ್ಧತಿ ಐತಂತಲ್ರೀ. ಸುಟ್ಟುಬಿಡ್ಲಿ, ನಾವು ಇಲ್ಲೇ ಕಲ್ಲಿನ ಮ್ಯಾಲೆ ಕೂತಿರ್ತೀವಿ," ಎಂದರು.

ಗುಡ್ಡಪ್ಪ ತಲೆಯಾಡಿಸಿದ. "ಈಗ ಬ್ಯಾಡ್ರೀ. ಸುಡಾದು ಬೆಳಗಿನ ಜಾವ, ಇಬ್ಬನಿ ಇರುವಾಗ. ಈಗ ಗಾಳಿ ಎದ್ದೈತೆ."

"ಮೇಲೆ ಯಾರಿದ್ದಾರೆ?" ಎಂದೆ ನಾನು.

"ಯಾರೂ ಇಲ್ಲ. ನಮ್ಮನೆಯವಳು ನೀರು ಇಟ್ಟು ಹಿಂದಿನ ದಾರೀಲಿ ಆಗಲೇ ಇಳಿದಿರ್ತಾಳೆ. ಆದ್ರೂ..."

"ಯಾರೂ ಇಲ್ಲ ಅಂದಮೇಲೆ ಏನಯ್ಯಾ ನಿಂದು? ಇಷ್ಟು ದೂರ ಕರಕೊಂಡು ಬಂದು ಇವರನ್ನ ಅರ್ಧ ದಾರಿಯಿಂದ ವಾಪಸ್ ಕಳಿಸಲಾ?"

ನಾನು ಗದರಿಸಿದ್ದು ಹೀಗೆ. ನನ್ನ ಭಾಷಣ ಮೇಲೆ ಹೇಳಬೇಕಾಗಿದ್ದದ್ದು, ಕೆಳಗಲ್ಲ. ಗುಡ್ಡಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಮೇಲಕ್ಕೆ ತಿರುಗಿ, ಎರಡು ಕೈ ಬಾಯಿಗೆ ಹಿಡಿದು ಕೂಗಿದ. ಮೂರು ಸಲ. ಗುಡ್ಡ ಮೂರು ಸಲವೂ ತಿರುಗಿ ಹೇಳಿತು. ನಮ್ಮವರು ಮಾತು ನಿಲ್ಲಿಸಿದರು. ಅವನು ಸೊಂಟದ ಚೀಲದಿಂದ ಎಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಜಗಿದ. ಅವಸರ ಮಾಡಲಿಲ್ಲ. ಉಗುಳಿ, ಕಿವಿಗೊಟ್ಟು, ಇನ್ನೂ ಸ್ವಲ್ಪ ಹೊತ್ತು ನಿಂತ. ಮೇಲಿಂದ ಏನೂ ಬರಲಿಲ್ಲ. ಆಮೇಲೆ ಕಡ್ಡಿ ಗೀರಿದ.

ಗುಡ್ಡದ ಬೆಂಕಿಯನ್ನು ನಾನು ಅದಕ್ಕೆ ಮೊದಲು ಹತ್ತಿರದಿಂದ ನೋಡಿರಲಿಲ್ಲ. ಗಾಳಿ ಬೆನ್ನಿಗಿದ್ದರೆ ಅದು ಓಡುವ ಮನುಷ್ಯನಿಗಿಂತ ಬೇಗ ಏರುತ್ತದೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿದು, ಎರಡನೆಯ ಬಾಗಿಲಿನವರೆಗೆ ಗುಡ್ಡ ಕಪ್ಪಗೆ ಕೂತಿತ್ತು. ಬೂದಿ ಆರಲೆಂದು ಮತ್ತಷ್ಟು ಹೊತ್ತು ಕಾದೆವು. ವೀರಬಸಪ್ಪನವರಿಗೆ ಖುಷಿ. ಈಗ ಹಾದಿ ರಾಜಬೀದಿ ಆಯ್ತು ಎಂದರು.

ಬಾಯಾರಿಕೆಯಿಂದ ನಾನೇ ಮುಂದೆ ಹತ್ತಿದೆ. ಬಾಗಿಲಿನ ಪಕ್ಕದ ಗೋಡೆಯ ಮೂಲೆಯಲ್ಲಿ ಲೋಕಮ್ಮ ಕೂತಿದ್ದಳು. ಬೆನ್ನು ಗೋಡೆಗೆ ಒರಗಿತ್ತು, ಮೊಣಕಾಲು ಮಡಚಿತ್ತು. ಉಳಿದದ್ದನ್ನು ನಾನು ಬರೆಯುವುದಿಲ್ಲ. ಅವಳ ಎಡಗಡೆ ಒಂದು ಗಡಿಗೆ ನೀರು ತುಂಬಿ ಹಾಗೇ ಇತ್ತು. ಬಲಗಡೆಯದು ಒಡೆದಿತ್ತು. ಅದರ ಹೊಟ್ಟೆಯ ಮೇಲೆ ಬೆರಳಗಲ ಬಿಟ್ಟು ಬಿಟ್ಟು ಮೂರು ಪೆಟ್ಟಿನ ಗುರುತು, ಮೂರನೆಯದು ಒಳಕ್ಕೆ ಹೋಗಿ ತೂತಾಗಿತ್ತು. ಕತ್ತಿ ಅವಳ ಪಕ್ಕದಲ್ಲೇ ಬಿದ್ದಿತ್ತು, ಹಿಡಿ ಗಡಿಗೆಯ ಕಡೆಗೆ.

ನನಗೆ ಒಂದೇ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಅವಳು ಕೂಗು ಕೇಳಿದ್ದಳು, ಉತ್ತರವನ್ನೂ ಕೊಟ್ಟಿದ್ದಳು. ಮಣ್ಣಿನ ಗಡಿಗೆ, ಅದೂ ನೀರು ತುಂಬಿದ್ದು, ಎಲ್ಲಿಂದ ಮೊಳಗಬೇಕು? ಹಿಂದೆ ವೀರಬಸಪ್ಪನವರ ಬೂಟಿನ ಸಪ್ಪಳ ಹತ್ತಿರವಾಗುತ್ತಿತ್ತು. ಈ ಗಡಿಗೆ ಯಾಕೆ ಬಂತು, ಯಾರು ಬರೆದು ತರಿಸಿದರು ಎಂದು ನಾಳೆ ಎಲ್ಲರೂ ಕೇಳುತ್ತಾರೆ ಎಂಬುದೊಂದೇ ನನ್ನ ತಲೆಗೆ ಬಂತು. ಒಡೆದ ಗಡಿಗೆಯನ್ನು ಕಾಲಿನಿಂದ ತಳ್ಳಿದೆ. ಅದು ಗೋಡೆಯ ಸಂದಿಯಿಂದ ಉರುಳಿ ಆಚೆಯ ಕೊರಕಲಿಗೆ ಬಿತ್ತು. ಆಮೇಲೆ ಕೂಗಿಕೊಂಡೆ.

ಗುಡ್ಡಪ್ಪ ಬಂದು ನೋಡಿದ. ಅಳಲಿಲ್ಲ. "ಇಳಿದಿಲ್ವಾ ನೀನು?" ಎಂದ, ಅಷ್ಟೇ. ಆಮೇಲೆ ನನಗೆ ಹೊಳೆಯಿತು. ಮಂಗಗಳು ಗಡಿಗೆ ಉರುಳಿಸಿಬಿಟ್ಟಾವು ಎಂದು ಅವಳು ನಮಗಾಗಿ ಮೂರು ಗಂಟೆ ಹೊತ್ತು ಕಾವಲು ಕೂತಿರಬೇಕು.

ಸಂಜೆ ಸೊರಬದಿಂದ ದಫೇದಾರರು ಬಂದು ಪಂಚನಾಮೆ ಮಾಡಿದರು. ಲೋಕಮ್ಮನ ಅಣ್ಣ ಬಂಗಾರಪ್ಪ ಅದೇ ಊರಿನವನು. ಅವನು ಗುಡ್ಡಪ್ಪನ ಕುತ್ತಿಗೆಗೇ ಕೈ ಹಾಕಿದ. ಕೂಗು ಹಾಕದೆ ಹಚ್ಚಿದ್ದಾನೆ, ಇವನೇ ಕೊಂದವನು ಎಂದ. ಆಗ ನಾನು ಎದೆಯುಬ್ಬಿಸಿ ಸಾಕ್ಷಿ ಹೇಳಿದೆ: ಮೂರು ಸಲ ಕೂಗಿದ, ಎಲೆ ಅಡಿಕೆ ಜಗಿಯುವಷ್ಟು ಕಾದ, ನಾವೆಲ್ಲರೂ ಕಿವಿಗೊಟ್ಟಿದ್ದೆವು, ಉತ್ತರ ಬರಲಿಲ್ಲ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಪೊಲೀಸರ ಮಟ್ಟಿಗೆ ಗುಡ್ಡಪ್ಪ ಪಾರಾದ.

ಊರಿನ ಮಟ್ಟಿಗೆ ಆದದ್ದು ಬೇರೆ. ಕೂಗು ಕೇಳಿಯೂ ಅವಳು ಸುಮ್ಮನಿದ್ದಳು ಎಂದಾಯಿತು. ಕೊಡ ಇಲ್ಲದಿದ್ದರೆ ಬಾಯಿ ಇರಲಿಲ್ಲವೇ? ಓಡಲೂ ಇಲ್ಲ, ಗೋಡೆಗೆ ಒರಗಿ ಕೂತಿದ್ದಳು. ಅಂದಮೇಲೆ ಸಾಯಲೆಂದೇ ಕೂತದ್ದು ಎಂದು ಹಿರಿಯರು ತೀರ್ಮಾನಿಸಿದರು. ಹಾಗೆ ತಾವಾಗಿ ಸತ್ತವರನ್ನು ಅವರ ಮನೆತನದಲ್ಲಿ ಹಿರಿಯರ ಸಾಲಿಗೆ ಸೇರಿಸುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಅವರ ಹೆಸರಿನಲ್ಲಿ ಎಡೆ ಇಡುವುದಿಲ್ಲ, ಮನೆಯಲ್ಲಿ ಹೆಸರೂ ಹೇಳುವುದಿಲ್ಲ.

ಮರಳುವಾಗ ವ್ಯಾನಿನಲ್ಲಿ ನೀಲಾಂಬಿಕನವರು, "ಮೇಷ್ಟ್ರೇ, ಅಲ್ಲಿ ಗಡಿಗಿ ಒಂದೇ ಇತ್ತಲ್ರೀ, ಇಷ್ಟು ಮಂದಿಗೆ ಒಂದೇ ಇಟ್ಟಿದ್ಲಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಸೆಪ್ಟೆಂಬರಿನಲ್ಲಿ ಒಂದು ಸಂತೆಯ ದಿನ ಗುಡ್ಡಪ್ಪ ಶಿಕಾರಿಪುರಕ್ಕೆ ಬಂದವನು ನನ್ನ ಮನೆ ಹುಡುಕಿಕೊಂಡು ಬಂದ. ಜಗಲಿಯ ಮೇಲೆ ಕೂರಿಸಿದೆ. ಅವನ ಗುರುತು ಹಿಡಿಯುವುದೇ ಕಷ್ಟವಾಗಿತ್ತು.

"ಮೇಷ್ಟ್ರೆ, ನೀವು ಓದಿದೋರು, ಒಂದು ಮಾತು ಕೇಳಾಣ ಅಂತ ಬಂದೆ. ಅವತ್ತು ಬೆಳಿಗ್ಗೆ ನಾನು ಅವಳಿಗೆ ಹೊಡೆದಿದ್ದೆ. ನಮ್ಮ ಕೊಡದ ನೀರು ಕುಡಿದ್ರೆ ಇವರ ಬಾಯಿ ಸವೆದು ಹೋಗ್ತದಾ, ನಾ ಹೊರಾದಿಲ್ಲ ಈ ಗಡಿಗೆ, ಅಂದ್ಲು. ಕೆನ್ನೆಗೆ ಒಂದು ಬಿಟ್ಟೆ. ಹದಿನಾರು ವರ್ಷದಾಗೆ ಅದೇ ಮೊದಲು. ಒಂದು ಪೆಟ್ಟಿಗೆ ಯಾರಾದ್ರೂ ಬೆಂಕೀಲಿ ಕೂರ್ತಾರಾ?"

ನಾನು ನೀರಿನ ಚೊಂಬನ್ನು ಅವನ ಮುಂದೆ ಸರಿಸಿದೆ.

"ನಾ ಕೂಗಿದ್ದು ಅವಳಿಗೆ ಕೇಳ್ಸಿರ್ತದೆ. ನನ್ನ ದನಿ ಅವಳಿಗೆ ಗೊತ್ತಿಲ್ವಾ? ಸುಡ್ಲಿ ಇವನು, ಆಮೇಲೆ ಗೊತ್ತಾಗ್ತದೆ ಇವನಿಗೆ, ಅಂತ ಕೂತ್ಲಾ? ನೀವು ಏನಂತೀರಿ?"

ಅವನು ನೆಲ ನೋಡುತ್ತಿದ್ದ. ತಿಂಗಳು ಕಳೆದರೆ ಅಮಾವಾಸ್ಯೆ. ಇವನು ಎಡೆಯ ಮಾತು ತೆಗೆದದ್ದಕ್ಕೆ ಬಂಗಾರಪ್ಪನೇ, ಅವಳೇ ನಮ್ಮನ್ನ ಬೇಡ ಅಂದು ಹೋದಳು ಎಂದು ಬಾಗಿಲು ಹಾಕಿಕೊಂಡನಂತೆ. ನಾನು ಬಾಯಿ ತೆರೆದೆ. ಹೇಳಿದ್ದು, "ಮನಸ್ಸಿಗೆ ಹಚ್ಚಿಕೋಬೇಡ ಗುಡ್ಡಪ್ಪ, ವಿಧಿ," ಎಂದು. ಅವನು ನಮಸ್ಕಾರ ಮಾಡಿ ಹೋದ. ನನ್ನ ಹೆಂಡತಿ ಕೊಟ್ಟ ಊಟವನ್ನೂ ಮುಟ್ಟಲಿಲ್ಲ.

ಆಮೇಲಿನ ವಾರಗಳಲ್ಲಿ ತರಗತಿಯಲ್ಲಿ ಪಾಠ ಮಾಡಲು ನನ್ನಿಂದ ಆಗಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಬಂತು. ಧೈರ್ಯ ಬಂದು ಹೋದೆನೆಂದಲ್ಲ, ಸುಮ್ಮನಿರುವುದು ಇನ್ನು ಸಾಧ್ಯವಿಲ್ಲದ್ದರಿಂದ ಹೋದೆ. ಅಮಾವಾಸ್ಯೆಗೆ ಎರಡು ದಿನ ಮೊದಲು ಬಸ್ಸು ಹತ್ತಿದೆ.

ಗುಡ್ಡಪ್ಪ ಗದ್ದೆಯ ಬದುವಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಾಗದದ ಆ ಸಾಲು ನಾನೇ ನನ್ನ ಬುದ್ಧಿಯಿಂದ ಬರೆದದ್ದು. ಬೆಂಕಿ ಹಚ್ಚು ಎಂದು ಗದರಿಸಿದ್ದು ನನ್ನ ಭಾಷಣಕ್ಕಾಗಿ. ಗಡಿಗೆ ಎರಡಿದ್ದವು, ಒಂದು ಒಡೆದಿತ್ತು, ಅದನ್ನು ಒದ್ದು ಕೊರಕಲಿಗೆ ಕೆಡವಿದ್ದು ಈ ಕಾಲು. ಅದರ ಮೇಲೆ ಕತ್ತಿ ಹಿಡಿಯ ಗುರುತು ಇತ್ತು.

ಅವನ ಕೈ ಹಗ್ಗದ ಮೇಲೆ ನಿಂತಿತು. "ಎಷ್ಟು?"

"ಮೂರು."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೇ ಹತ್ತಿರ ನಿಂತಿದ್ದೆ. ಅವನು ನನ್ನನ್ನು ನೋಡಲೇ ಇಲ್ಲ, ಗುಡ್ಡದ ಕಡೆ ನೋಡುತ್ತಿದ್ದ. ಅವನ ಬಾಯಿ ಏನನ್ನೋ ಲೆಕ್ಕ ಹಾಕುವಂತೆ ಅಲ್ಲಾಡುತ್ತಿತ್ತು.

"ಹಂಗಾದ್ರೆ ಉತ್ತರ ಕೊಟ್ಟಾಳೆ," ಎಂದ. ಹಗ್ಗ ಕೆಳಗಿಟ್ಟು ಮತ್ತೆ ಹೇಳಿದ: "ಉತ್ತರ ಕೊಟ್ಟಮೇಲೆ ನಾನು ಹಚ್ಚಾದಿಲ್ಲ ಅಂತ ಅವಳಿಗೆ ಗೊತ್ತು. ಅದಕ್ಕೇ ಏಳಲಿಲ್ಲ. ಹೊಗೆ ಬಂದ್ರೂ, ನನ್ನ ಗಂಡ ಹಚ್ಚಿದ್ದಲ್ಲ, ಯಾರೋ ಅಡಿಗೆ ಒಲೆ ಹೂಡಿದಾರೆ ಅಂತ ಕೂತಿರ್ತಾಳೆ. ಸಾಯಾಕೆ ಕೂತಿದ್ದಲ್ಲ ಮೇಷ್ಟ್ರೆ. ನನ್ನ ನಂಬಿ ಕೂತಿದ್ದು."

ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ.

"ಸಿಟ್ಟು ಮಾಡ್ಕೊಂಡು ಸತ್ಲು ಅಂದ್ಕೊಂಡಿದ್ದೆ. ಅವಳನ್ನ ಬೈಕೊಂಡು ಹೆಂಗೋ ದಿನ ದೂಡ್ತಿದ್ದೆ. ಇನ್ನು ಯಾರನ್ನ ಬೈಲಿ?" ಎಂದ. ಟವೆಲಿನಲ್ಲಿ ಮುಖ ಒರೆಸಿಕೊಂಡು ಎದ್ದ. "ನಡೀರಿ, ಬಂಗಾರಪ್ಪನ ಮನೆಗೆ. ನನ್ನ ಮುಂದೆ ಹೇಳಿದ್ದನ್ನ ಅವನ ಮುಂದೂ, ಊರ ಮುಂದೂ ಹೇಳಿ. ಒಂದು ಮಾತೂ ಬಿಡಬ್ಯಾಡಿ. ಅವಳಿಗೆ ಎಡೆ ಸಿಗ್ಲಿ."

"ನಿನ್ನನ್ನ ಏನಂತಾರೆ ಗುಡ್ಡಪ್ಪ? ಅವಳು ಉತ್ತರ ಕೊಟ್ಟಮೇಲೂ ಹಚ್ಚಿದ ಅಂತಾರೆ."

"ಹೌದಲ್ರೀ, ಹಚ್ಚೀನಲ್ಲ," ಎಂದು ಅವನು ಬದುವಿನ ಮೇಲೆ ಮುಂದೆ ನಡೆದ.