ಪೇಂಟರನಿಗೆ ಕೊಡದ ಮನೆ

ತಾನೇ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಬಳಿಯುತ್ತಿದ್ದ ಎರಡು ಕೋಣೆಯ ಮನೆಯನ್ನು ತನಗೇ ಬಾಡಿಗೆಗೆ ಕೊಡಿ ಎಂದು ಪೇಂಟರ್ ಕೇಳಿದಾಗ ಮಾಲೀಕರು ಮೊದಲು ನಕ್ಕರು. ಅವನು ನಗದೆ ನಿಂತಿದ್ದನ್ನು ಕಂಡು ಮುಖ ಗಂಟಿಕ್ಕಿದರು. ಬೆಳಿಗ್ಗೆಯಷ್ಟೇ, ತಾವಿರುವ ಮನೆಗೂ ಬಣ್ಣ ಬಳಿದಿದ್ದ ಅವನ ಕೈಕೆಲಸವನ್ನು ಬಾಯ್ತುಂಬ ಹೊಗಳಿದ್ದವರು ಅವರೇ.

ಅವನಿಗೆ ಬೇರೆ ದಾರಿ ಇರಲಿಲ್ಲ. ಹೆಂಡತಿ, ಮಗಳು, ತಾಯಿಯೊಂದಿಗೆ ಈಗಿದ್ದ ಮನೆಯನ್ನು ಕೆಡವಲಿದ್ದರು. ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಮೂರು ವಾರ ಹೆಂಡತಿಯ ಜೊತೆ ಬೀದಿ ಬೀದಿ ಸುತ್ತಿ ಚಪ್ಪಲಿ ಸವೆದಿತ್ತು. ಒಬ್ಬರು ಸಂಬಳದ ಚೀಟಿ ಕೇಳಿದರು. ದಿನಗೂಲಿಯವನಿಗೆ ಎಲ್ಲಿಯ ಚೀಟಿ? ಇನ್ನೊಬ್ಬರು, ಹಾಸಿಗೆ ಹಿಡಿದ ತಾಯಿ ಇದ್ದಾಳೆಂದು ಗೊತ್ತಾದದ್ದೇ ತಡ, ಮನೆ ನಿನ್ನೆಯೇ ಹೋಯಿತು ಎಂದು ಬಾಗಿಲು ಹಾಕಿಕೊಂಡರು. ಗೇಟಿನಲ್ಲಿ ‘ಬಾಡಿಗೆಗಿದೆ’ ಬೋರ್ಡು ಮಾತ್ರ ಇನ್ನೂ ನೇತಾಡುತ್ತಿತ್ತು.

ಈ ಮಾಲೀಕರು ಸ್ವಂತ ಮನೆಯಿರುವ ಯಾರಾದರೂ ಜಾಮೀನು ನಿಲ್ಲಲಿ ಎಂದರು. ಹನ್ನೊಂದು ವರ್ಷ ದುಡಿಸಿಕೊಂಡ ಮೇಸ್ತ್ರಿ, ಒಡಹುಟ್ಟಿದವನಿಗೇ ಸಹಿ ಹಾಕಿಲ್ಲ ಎಂದು ಕೈ ಕೊಡವಿದ. ಕೊನೆಗೆ ಪೇಂಟರನ ಹೆಂಡತಿಯೇ ಹೋಗಿ ಕೇಳಿದಳು. ಉತ್ತರ ಕೊಟ್ಟದ್ದು ಮಾಲೀಕರ ಹೆಂಡತಿ.

"ನೋಡಮ್ಮ, ನಿಮ್ಮಂಥವರು ಒಂದ್ಸಲ ಒಳಗೆ ಸೇರಿಕೊಂಡ್ರೆ ಹೊರಗೆ ಕಳಿಸೋದು ಕಷ್ಟ."

"ಒಂದು ತಿಂಗಳಿಂದ ಇವರು ನಿಮ್ಮ ಮನೆ ಒಳಗೇ ಇದ್ದಾರಲ್ಲಮ್ಮ," ಎಂದಳು ಇವಳು. "ನೀವು ಮಲಗೋ ಕೋಣೆಗೂ ಇವರೇ ಬಣ್ಣ ಹೊಡೆದದ್ದು. ದಿನಾ ಸಂಜೆ ತಾವಾಗೇ ಹೊರಗೆ ಬಂದಿಲ್ವಾ?"

ಬಾಗಿಲು ಮುಚ್ಚಿತು. ಇದ್ದೊಂದು ಆಸೆಗೂ ಕಲ್ಲು ಹಾಕಿದೆಯಲ್ಲ ಎಂದು ಪೇಂಟರ್ ಆ ರಾತ್ರಿ ಹೆಂಡತಿಯನ್ನು ಬಯ್ದ. ಮರುದಿನ ಎರಡನೇ ಕೋಟು ಮುಗಿಸಲು ಹಲ್ಲು ಕಚ್ಚಿಕೊಂಡು ಅಲ್ಲಿಗೇ ಹೋದ.

ಮಧ್ಯಾಹ್ನ ಆ ಮನೆ ನೋಡಲು ಗಂಡ ಹೆಂಡತಿ ಬಂದರು, ಕಂಕುಳಲ್ಲಿ ಕೂಸು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸವಂತೆ. ಮಾಲೀಕರು ಜಾಮೀನಿನ ಸೊಲ್ಲೆತ್ತಲಿಲ್ಲ. ಕೂಸಿನ ತಾಯಿ ಹಿಂದಿನ ಕೋಣೆಯ ಗೋಡೆ ಮುಟ್ಟಿ, ಮಳೆಗಾಲದಲ್ಲಿ ತೇವ ಬರುತ್ತದೆಯೇ ಎಂದು ವಿಚಾರಿಸಿದಳು. ಒಂದು ಹನಿಯೂ ಇಲ್ಲ, ಬೇಕಿದ್ದರೆ ಇವನನ್ನೇ ಕೇಳಿ ಎಂದು ಮಾಲೀಕರು ಅವನತ್ತ ಕಣ್ಣು ಬಿಟ್ಟರು.

ಪೇಂಟರ್ ಏಣಿ ಇಳಿದ. "ಬರುತ್ತಮ್ಮ. ಮೊಣಕಾಲುದ್ದ ಬೂಷ್ಟು ಇತ್ತು. ಕೆರೆದು ಮುಚ್ಚು ಅಂದ್ರು, ಮುಚ್ಚಿದೀನಿ. ಮಗು ಮಲಗಿಸೋ ಕೋಣೆ ಅಲ್ಲ ಇದು."

ಅದೇ ಕೋಣೆಯಲ್ಲಿ ತನ್ನ ತಾಯಿಯನ್ನು ಮಲಗಿಸಲು ಅವನು ತಯಾರಾಗಿದ್ದ. ಅದನ್ನು ಮಾತ್ರ ಹೇಳಲಿಲ್ಲ.

ಬಂದವರು ಬಂದ ದಾರಿಯಲ್ಲೇ ಹೋದರು. ಮಾಲೀಕರು ಅವನ ಬ್ರಷ್ಷು, ಡಬ್ಬಿ ಎಲ್ಲವನ್ನೂ ರಸ್ತೆಗೆಸೆದರು. ಸಂಜೆಯೊಳಗೆ ಮೇಸ್ತ್ರಿಯೂ ನಾಳೆಯಿಂದ ಬರಬೇಡ ಎಂದ. ವಿಷಯ ಕೇಳಿದ ಹೆಂಡತಿ ಬಯ್ಯಲಿಲ್ಲ. ಮೊದಲು ಊಟ ಮಾಡಿ ಎಂದಳು.

ತಿಂಗಳ ಕೊನೆಗೆ ಗ್ಯಾರೇಜಿನ ಹಿಂದೆ ತಗಡಿನ ಮಾಡಿನ ಒಂದು ಕೋಣೆ ಸಿಕ್ಕಿತು, ಗಂಡ, ಹೆಂಡತಿ, ಮಗಳು ಮೂವರಿಗೆ ಮಾತ್ರ. ತಾಯಿಯನ್ನು ಅಕ್ಕನ ಮನೆಗೆ ಒಯ್ದ. ಅಕ್ಕ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

"ಎರಡು ತಿಂಗಳು ಅಷ್ಟೇ. ಆಮೇಲೆ ನೀನುಂಟು, ನಿನ್ನ ಅಮ್ಮ ಉಂಟು."

ಅವನ ಹೆಗಲಿಗೆ ಒರಗಿದ್ದ ತಾಯಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.